ಅವ್ವನ ಬಣ್ಣ

1979ರಲ್ಲಿ ನನ್ನ ಮದುವೆಯ ದಿನ ತೆಗೆಸಿದ ಒಂದೇ ಒಂದು ಕಲರ್ ಫೋಟೊ ನಮ್ಮ ಮನೆಯಲ್ಲಿದೆ. ಉಳಿದವೆಲ್ಲ ಕಪ್ಪು-ಬಿಳುಪು, ಕಲರ್ ಆಗ ದುಬಾರಿ. ಅದರಲ್ಲಿ ಅವ್ವ ಇಳಕಲ್ ಸೀರೆ ಉಟ್ಟು ಅಪ್ಪನ ಪಕ್ಕ ನಿಂತಿದ್ದಾಳೆ. ಮರುವರ್ಷ ಅವಳು ಹೋದಳು.

ಆಲ್ಬಮ್ಮಿನೊಳಗೆ ಜೋಪಾನವಾಗಿಯೇ ಇದ್ದರೂ ಫೋಟೊ ಕೆಂಪಗೆ ತಿರುಗಿ, ಎಲ್ಲರೂ ಕುಂಕುಮದ ನೀರಿನಲ್ಲಿ ಮಿಂದವರ ಹಾಗೆ ಕಾಣುತ್ತಿದ್ದರು. ಕಲರ್ ಫೋಟೊ ಕಾಗದದಲ್ಲಿ ಹಳದಿ, ನೇರಳೆಗೆಂಪು, ಹಸಿರುನೀಲಿ ಎಂದು ಮೂರು ಪದರ. ಆ ಕಾಲದ ಕಾಗದದಲ್ಲಿ ಕತ್ತಲಲ್ಲಿಟ್ಟರೂ ಹಸಿರುನೀಲಿ ಬೇಗ ಮಾಸುತ್ತದೆ. ಕೆಂಪು ಎದ್ದು ಕೂರುತ್ತದೆ.

ಎಂಟನೇ ಕ್ಲಾಸಿನ ಮೊಮ್ಮಗಳು ಅದನ್ನು ಸ್ಕ್ಯಾನ್ ಮಾಡಿ, ‘ಗಿಂಪ್’ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತೆರೆದಳು. “ಅಜ್ಜಾ, ಮೊದಲು ಒಂದು ಕಾಪಿ ಇಟ್ಕೋಬೇಕು” ಎಂದಳು. ಮೂಲ ವೋಚರ್ ತಿದ್ದಬಾರದೆಂದು ಗುಮಾಸ್ತನಿಗೇ ಪಾಠ!

ಪರದೆಯ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಲೆಕ್ಕ. ಒಂದೊಂದೂ 0ಯಿಂದ 255ರವರೆಗೆ. ಮೂರೂ ಸಮವಾದರೆ ಬಿಳಿ, ಬೂದು ಇಲ್ಲವೇ ಕಪ್ಪು. ಅಪ್ಪನ ಧೋತರ ಬಿಳಿ, ಅನುಮಾನವಿಲ್ಲ. ಅದರ ಮೇಲೆ ಬಾಣವಿಟ್ಟರೆ ಕೆಂಪು 228, ಹಸಿರು 171, ನೀಲಿ 164. ಟ್ಯಾಲಿ ಆಗದ ಲೆಡ್ಜರ್ ಕಂಡರೆ ನನಗೆ ಈಗಲೂ ನಿದ್ದೆ ಬಾರದು. ‘ಕರ್ವ್ಸ್’ ಎಂಬಲ್ಲಿ ಗೆರೆ ಬಗ್ಗಿಸುತ್ತ ಕೆಂಪನ್ನು ಇಳಿಸಿದೆ, ಉಳಿದೆರಡನ್ನು ಏರಿಸಿದೆ. ಮೊದಲ ಸಲ ಕೈ ಮೀರಿ ಮದುವೆಮನೆ ಪಾಚಿಗಟ್ಟಿದ ಬಾವಿಯಾಯಿತು. ಎರಡು ಸಂಜೆ ಕಳೆದ ಮೇಲೆ ಧೋತರ ಬೆಳ್ಳಗಾಯಿತು, ಮಾವಿನ ತೋರಣ ಹಸಿರಾಯಿತು.

ಅವ್ವನ ಸೀರೆ ಹಸಿರೆಂದು ನನ್ನ ನೆನಪು. ಪರದೆಯಲ್ಲಿ ನೀಲಿಯ ಕಡೆ ವಾಲುತ್ತಿತ್ತು. ಧಾರವಾಡದಿಂದ ಬಂದಿದ್ದ ಅಕ್ಕ ತಾನು ಹೊದೆಯುವ ಕೌದಿ ತಂದು ಹಾಸಿದಳು. ಆ ಸೀರೆಯ ತುಂಡು ಅದರಲ್ಲಿದೆ. ಮೇಲೆ ಮಾಸಿತ್ತು, ಹೊಲಿಗೆಯ ಮಡಿಕೆಯೊಳಗೆ ಅಚ್ಚ ನೀಲಿ. ನಾನು ಸೋತೆ.

ಅಷ್ಟರಲ್ಲಿ ಮೊಮ್ಮಗಳು ಅವ್ವನ ಮುಖವೊಂದನ್ನೇ ಆರಿಸಿ, ಬೆಳಕು ಏರಿಸಿ ಹಾಲಿನಂತೆ ಮಾಡಿದ್ದಳು. “ಈಗ ಚೆಂದ ಅಲ್ವಾ ಅಜ್ಜಾ?” ನನಗೂ ಒಂದು ಗಳಿಗೆ ಹೌದೆನಿಸಿತು. ಸುಳ್ಳೇಕೆ ಹೇಳಲಿ!

ಅಕ್ಕ ಕನ್ನಡಕ ಏರಿಸಿ ನೋಡಿದಳು. “ಇಕಿ ಯಾರು? ನಮ್ಮವ್ವ ಬಿಸಲಾಗ ಕಳೆ ತೆಗದಾಕಿ.” ಬಳೆ ಹಿಂದೆ ಸರಿಸಿ, ತನ್ನ ಕೈಯನ್ನು ಪರದೆಯ ಪಕ್ಕಕ್ಕೆ ಹಿಡಿದಳು. “ನಂದೂ ಅವ್ವಂದೂ ಒಂದ ಬಣ್ಣ. ಇದಕ್ಕ ಹೊಂದಸವ್ವ.”

ಮೊಮ್ಮಗಳು ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡುತ್ತ ಮೆಲ್ಲಗೆ ಬೆಳಕು ಇಳಿಸತೊಡಗಿದಳು.

“ಇನ್ನಷ್ಟು” ಎಂದಳು ಅಕ್ಕ. “ಇನ್ನೂ ಸ್ವಲ್ಪ.”