ಉತ್ತರಾಧಿಕಾರಿಯ ಆಯ್ಕೆ

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳವು ಮಗ ಶಂಭು ಹೆಗಡೆಯವರಿಗೂ, 2009ರಲ್ಲಿ ಅವರು ಕಾಲವಶರಾದ ಬಳಿಕ ಮೊಮ್ಮಗ ಶಿವಾನಂದ ಹೆಗಡೆಯವರಿಗೂ ಸಂದ ಬಗೆಯನ್ನು ಕಣ್ಣಾರೆ ಕಂಡ ಹೊನ್ನಾವರದವರಿಗೆ, ಕಾಲೇಜಿನ ಹೆಣ್ಣುಮಕ್ಕಳ ಹಾಕಿ ತಂಡವನ್ನು ದೀರ್ಘಕಾಲ ಸಾಕಿ ಸಲಹಿದ ತರಬೇತುದಾರರ ಸ್ಥಾನಕ್ಕೆ ಬೇರೊಬ್ಬರನ್ನು ಆರಿಸುವ ಕಾರ್ಯವು ಬರಿಯ ಅರ್ಜಿ, ಸಂದರ್ಶನಗಳ ವ್ಯವಹಾರವಾಗಿ ತೋರಲಾರದು. ಸ್ಟಿಕ್ಕಿನ ಮೇಲ್ತುದಿಯನ್ನು ಎಡಗೈಯಿಂದ ಬಿಗಿಹಿಡಿದು, ಬಲಗೈಯನ್ನು ಕೆಳಗೆ ಸಡಿಲಾಗಿರಿಸಿ, ಮೊಣಕಾಲು ಬಾಗಿಸಿ ಚೆಂಡನ್ನು ಕೊಂಡೊಯ್ಯುವುದನ್ನು ಹೊಸ ಹುಡುಗಿಗೆ ಕಲಿಸುವಾಗಲೇ, ಸಂಜೆಯ ಅಭ್ಯಾಸಕ್ಕೆ ಅವಳ ಮನೆಯವರು ಒಪ್ಪಿರುವರೇ, ಭಟ್ಕಳದ ಕಡೆಯ ಬಸ್ಸು ಅವಳಿಗೆ ಸಿಕ್ಕೀತೇ ಎಂಬುದನ್ನೂ ಅಂಥ ಗುರು ಅರಿತಿರುತ್ತಾರೆ. ಈ ಅರಿವು ಪ್ರಮಾಣಪತ್ರದಲ್ಲಿ ಬರೆದು ಬರುವಂಥದಲ್ಲ.

2021ರಲ್ಲಿ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ವನಿತೆಯರು ನಾಲ್ಕನೆಯ ಸ್ಥಾನ ಗಳಿಸಿದ ತರುವಾಯ ತರಬೇತುದಾರ ಶೋರ್ಡ್ ಮಾರಿನ್ ನಿರ್ಗಮಿಸಲು, ಅವರ ಜೊತೆಯಲ್ಲೇ ದುಡಿದಿದ್ದ ಯಾನೆಕ್ ಶಾಪ್‌ಮನ್ ಅವರಿಗೆ ಹೊಣೆ ವಹಿಸಿದ್ದು ನನಗೆ ಉಚಿತವೆನಿಸಿತ್ತು. ಕುಮಟೆಯಲ್ಲಾಗಲಿ ಹೊನ್ನಾವರದಲ್ಲಾಗಲಿ ಅಂಥ ಸಂದರ್ಭ ಒದಗಿದರೆ, ಹಿಂದೆ ಅದೇ ಮೈದಾನದಲ್ಲಿ ಆಡಿ, ಈಗ ದೈಹಿಕ ಶಿಕ್ಷಣದ ಪದವಿ ಪಡೆದಿರುವ ಹೆಣ್ಣುಮಗಳೊಬ್ಬಳನ್ನು ಮೊದಲು ಕರೆದು ಕೇಳಬೇಕು. ಹಳಬರು ನಿವೃತ್ತರಾಗುವ ಮುನ್ನ ಒಂದು ಪೂರ್ಣ ವರ್ಷವಾದರೂ ಇಬ್ಬರೂ ಕೂಡಿ ಮೈದಾನಕ್ಕಿಳಿಯುವಂತಾಗಬೇಕು.