ಮಾಂಟ್ ಬ್ಲಾಂಕ್ ಅಡಿಯಲ್ಲಿ ಹನ್ನೆರಡು ನಿಮಿಷ

ಡಿಸೆಂಬರ್ ತಿಂಗಳ ಕೊನೆಯ ವಾರ. ಬೆಳಿಗ್ಗೆ ಏಳು ಗಂಟೆ. ರೋಮ್ ನಗರದ ಹೊರವಲಯದ ಹೋಟೆಲೊಂದರ ಮುಂದೆ ಪ್ರವಾಸಿ ಬಸ್ಸು ನಿಂತಿರುತ್ತದೆ. ಬೆಳಕು ಇನ್ನೂ ಹರಿದಿರುವುದಿಲ್ಲ. ಉಣ್ಣೆಯ ಟೋಪಿ, ಮಫ್ಲರು, ಕೈಗವಸುಗಳಲ್ಲಿ ಗುರುತೇ ಸಿಗದಂತಾದ ಮಂದಿ ಒಬ್ಬೊಬ್ಬರಾಗಿ ಹತ್ತುತ್ತಾರೆ. ಗೈಡ್ ತಲೆ ಎಣಿಸುತ್ತಾಳೆ. ಯಾರದೋ ಕೈಚೀಲದಿಂದ ಚಟ್ನಿಪುಡಿಯ ಘಮ ಬರುತ್ತದೆ. ನಮ್ಮ ಕಡೆಯಿಂದ ಹೋಗುವ ಚಳಿಗಾಲದ ತಂಡಗಳ ದಿನಚರಿ ಹೆಚ್ಚುಕಡಿಮೆ ಹೀಗೇ ಆರಂಭವಾಗುತ್ತದೆ. ರೋಮ್‌ನಿಂದ ಫ್ಲಾರೆನ್ಸ್, ಅಲ್ಲಿಂದ ಪೀಸಾ, ಬಳಿಕ ಆಲ್ಪ್ಸ್ ಪರ್ವತ ದಾಟಿ ಪ್ಯಾರಿಸ್. ಒಟ್ಟು ಸುಮಾರು 1,400 ಕಿಲೋಮೀಟರುಗಳ ದಾರಿ.

ಬೇಸಿಗೆಗೆ ಹೋಲಿಸಿದರೆ ಚಳಿಗಾಲದಲ್ಲಿ ಖರ್ಚು ಕಡಿಮೆ, ಸಾಲುಗಳು ಚಿಕ್ಕವು. ಆದರೆ ಈ ಕಾಲದಲ್ಲಿ ಸೂರ್ಯ ಬಹಳ ಜಿಪುಣ. ಡಿಸೆಂಬರ್ 21ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಹಗಲು 11 ಗಂಟೆಗೂ ಹೆಚ್ಚು ಕಾಲ ಇರುತ್ತದೆ. ರೋಮ್‌ನಲ್ಲಿ ಅದು 9 ಗಂಟೆಯ ಸುಮಾರು. ಪ್ಯಾರಿಸ್‌ನಲ್ಲಿ ಬರೀ ಎಂಟೂಕಾಲು ಗಂಟೆ. ಬಸ್ಸು ಉತ್ತರಕ್ಕೆ ಸಾಗಿದಂತೆಲ್ಲ ಹಗಲು ಕರಗುತ್ತ ಹೋಗುತ್ತದೆ.

ಚಾಲಕನ ಗಡಿಯಾರ

ಸೂರ್ಯನ ಗಡಿಯಾರದ ಜೊತೆಗೆ ಬಸ್ಸಿನಲ್ಲಿ ಇನ್ನೊಂದು ಗಡಿಯಾರವೂ ಇದೆ. ಚಾಲಕನ ಮುಂದಿರುವ ಟ್ಯಾಕೋಗ್ರಾಫ್ ಎಂಬ ಸಣ್ಣ ಪೆಟ್ಟಿಗೆ ಚಕ್ರ ಉರುಳಿದ ಪ್ರತಿ ನಿಮಿಷವನ್ನೂ ದಾಖಲಿಸುತ್ತದೆ. ಯುರೋಪಿಯನ್ ಒಕ್ಕೂಟದ 2006ರ ನಿಯಮದಂತೆ ಚಾಲಕ ದಿನಕ್ಕೆ 9 ಗಂಟೆಗಿಂತ ಹೆಚ್ಚು ಬಸ್ಸು ಓಡಿಸುವಂತಿಲ್ಲ. ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆಗೆ ಅವಕಾಶ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಬೇಕೆಂದರೆ ಅದನ್ನು ಮೊದಲು 15, ಆಮೇಲೆ 30 ನಿಮಿಷ ಎಂದು ಒಡೆದುಕೊಳ್ಳಬಹುದು. 'ಇನ್ನೊಂದರ್ಧ ಗಂಟೆ ಓಡಿಸಪ್ಪ, ಹೋಟೆಲು ಸೇರಿಬಿಡೋಣ' ಎಂಬ ನಮ್ಮ ಕಡೆಯ ಮಾತು ಇಲ್ಲಿ ನಡೆಯುವುದಿಲ್ಲ. ಪೊಲೀಸರು ತಡೆದು ದಾಖಲೆ ನೋಡಿದರೆ ದಂಡ ತೆರಬೇಕಾಗುತ್ತದೆ.

ಹೀಗಾಗಿ ಪ್ರವಾಸಿಗರು ಬಹಳ ಹೊತ್ತು ಕಳೆಯುವುದು ಹೆದ್ದಾರಿಯ ತಂಗುದಾಣಗಳಲ್ಲಿ. ಇಟಲಿಯ ತಂಗುದಾಣಗಳಲ್ಲಿ ಮೊದಲು ಕೌಂಟರಿನಲ್ಲಿ ಹಣ ಕೊಟ್ಟು ಚೀಟಿ ಪಡೆಯಬೇಕು. ಅದನ್ನು ಕಾಫಿ ಮಾಡುವವನ ಮುಂದಿಟ್ಟರೆ ಎರಡು ಗುಟುಕಿನ ಕಪ್ಪು ಕಾಫಿ ಬರುತ್ತದೆ. ಲೋಟದ ತುಂಬ ಫಿಲ್ಟರ್ ಕಾಫಿ ಕುಡಿದವರು ಆ ಕಪ್ಪಿನ ತಳ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಗೆಲಿಲಿಯೋ ಹೆಜ್ಜೆ

ಇಷ್ಟು ಇಕ್ಕಟ್ಟಿನ ಹಗಲಿನಲ್ಲೂ ಕಣ್ಣು ತೆರೆದಿಟ್ಟರೆ ಸಿಗುವುದು ಕಡಿಮೆಯೇನಲ್ಲ. ರೋಮ್‌ನ ಪ್ಯಾಂಥಿಯನ್ ಗುಮ್ಮಟದ ನೆತ್ತಿಯಲ್ಲಿ ದೊಡ್ಡದೊಂದು ಗುಂಡಿ ಕಿಂಡಿ ಇದೆ. ಬೇಸಿಗೆಯಲ್ಲಿ ಅದರಿಂದ ಇಳಿದ ಬಿಸಿಲಿನ ಬಿಲ್ಲೆ ನೆಲದ ಮೇಲೆ ಬೀಳುತ್ತದೆ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಆ ಬಿಲ್ಲೆ ನೆಲಕ್ಕೆ ಇಳಿಯುವುದೇ ಇಲ್ಲ, ಗುಮ್ಮಟದ ಒಳಮೈ ಮೇಲೆಯೇ ಸರಿದು ಹೋಗುತ್ತದೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರೆ ಬೆಳಕು ಜರುಗುವುದು ಕಣ್ಣಿಗೇ ಕಾಣುತ್ತದೆ. ಜರುಗುತ್ತಿರುವುದು ಸೂರ್ಯನಲ್ಲ, ನಾವು ನಿಂತ ನೆಲ.

ಈ ಮಾತನ್ನು ಹೇಳಿದ್ದಕ್ಕೆ ಶಿಕ್ಷೆಯಾದ ಜಾಗ ಅದರ ಹಿಂಬದಿಯಲ್ಲೇ ಇದೆ. ಆನೆಯೊಂದು ಬೆನ್ನ ಮೇಲೆ ಕಲ್ಲಿನ ಕಂಬ ಹೊತ್ತು ನಿಂತ ಶಿಲ್ಪವನ್ನು ನೋಡಿ ನಮ್ಮವರು ಖುಷಿಯಿಂದ ಫೋಟೊ ತೆಗೆಸಿಕೊಳ್ಳುತ್ತಾರೆ. ಆನೆಯ ಹಿಂದಿರುವುದು ಮಿನರ್ವಾ ಚರ್ಚು. 1633ರ ಜೂನ್ 22ರಂದು ಆ ಚರ್ಚಿಗೆ ಸೇರಿದ ಮಠದಲ್ಲಿ 69 ವರ್ಷದ ಗೆಲಿಲಿಯೋ ಮಂಡಿಯೂರಿ, ಭೂಮಿ ಚಲಿಸುತ್ತದೆ ಎಂಬ ತನ್ನ ಅಭಿಪ್ರಾಯವನ್ನು ಕೈಬಿಟ್ಟಿರುವುದಾಗಿ ಓದಿ ಹೇಳಬೇಕಾಯಿತು. 1642ರ ಜನವರಿ 8ರಂದು, ಇಂಥದೇ ಚಳಿಯಲ್ಲಿ, ಫ್ಲಾರೆನ್ಸ್ ಪಕ್ಕದ ಆರ್ಚೆಟ್ರಿಯ ಮನೆಯಲ್ಲಿ ಆತ ಗೃಹಬಂಧಿಯಾಗಿಯೇ ತೀರಿಕೊಂಡ.

ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿನಲ್ಲಿ ಈಗಿರುವ ಸಮಾಧಿಗೆ ಆತನ ಅವಶೇಷಗಳನ್ನು ತಂದದ್ದು 1737ರಲ್ಲಿ. ಆಗ ಅಭಿಮಾನಿಗಳು ಕತ್ತರಿಸಿ ಇಟ್ಟುಕೊಂಡ ಒಂದು ಬೆರಳು ಆರ್ನೋ ನದಿಯ ದಡದ ಗೆಲಿಲಿಯೋ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಭರಣಿಯೊಳಗಿದೆ. ಗುರುಗ್ರಹದ ಚಂದ್ರರನ್ನು ತೋರಿಸಿದ ದೂರದರ್ಶಕದ ಮಸೂರವೂ, ಬಿರುಕು ಬಿಟ್ಟ ಸ್ಥಿತಿಯಲ್ಲಿ, ಅಲ್ಲಿಯೇ ಇದೆ. ಉಫಿಜಿ ಚಿತ್ರಶಾಲೆಯಿಂದ ಕೆಲವೇ ನಿಮಿಷಗಳ ನಡಿಗೆ. ತಂಡಕ್ಕೆ ಕೊಡುವ 'ಫ್ರೀ ಟೈಮ್'ನಲ್ಲಿ ನೋಡಿ ಬರಬಹುದು.

ಪೀಸಾದಲ್ಲಿ ಗೈಡುಗಳು ಎರಡು ಕತೆ ಹೇಳುತ್ತಾರೆ. ಗೆಲಿಲಿಯೋ ವಾಲುಗೋಪುರದಿಂದ ಗುಂಡುಗಳನ್ನು ಉರುಳಿಸಿದ ಎಂಬುದು ಒಂದು. ಚರ್ಚಿನ ತೂಗುದೀಪ ನೋಡಿ ಲೋಲಕದ ನಿಯಮ ಕಂಡುಕೊಂಡ ಎಂಬುದು ಇನ್ನೊಂದು. ಮೊದಲನೆಯದು ಆತನ ಶಿಷ್ಯ ವಿವಿಯಾನಿ ಬರೆದದ್ದು, ಚರಿತ್ರೆಕಾರರಿಗೆ ಅದರ ಬಗ್ಗೆ ಅನುಮಾನವಿದೆ. ಎರಡನೆಯ ಕತೆಯ ಘಟನೆ ನಡೆದದ್ದು 1583ರಲ್ಲಿ ಎನ್ನುತ್ತಾರೆ. ಈಗ ತೂಗುತ್ತಿರುವ ದೀಪ ಬಂದದ್ದು 1587ರಲ್ಲಿ! ಗೋಪುರದ ನಿಜವಾದ ಕತೆಯೇ ಹೆಚ್ಚು ಸ್ವಾರಸ್ಯಕರ. ದಕ್ಷಿಣದ ಮೆದು ಜೇಡಿಮಣ್ಣಿನಲ್ಲಿ ಕುಸಿಯುತ್ತಿದ್ದ ಗೋಪುರವನ್ನು 1990ರಲ್ಲಿ ಮುಚ್ಚಿದರು. ಎಂಜಿನಿಯರುಗಳು ಅದನ್ನು ಎಳೆಯಲೂ ಇಲ್ಲ, ತಳ್ಳಲೂ ಇಲ್ಲ. ಉತ್ತರದ ಬುಡದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ಗೋಪುರ ತಾನಾಗಿ ಆ ಕಡೆ ಕುಳಿತು, ನೆತ್ತಿ 40 ಸೆಂಟಿಮೀಟರಿಗೂ ಹೆಚ್ಚು ಹಿಂದೆ ಬಂತು. 2001ರ ಡಿಸೆಂಬರಿನಲ್ಲಿ ಅದು ಮತ್ತೆ ತೆರೆಯಿತು.

ಬೆಟ್ಟದ ಹೊಟ್ಟೆಯಲ್ಲಿ

ಪೀಸಾದಿಂದ ಆಲ್ಪ್ಸ್ ಕಡೆಗಿನ ದಿನ ಬಸ್ಸಿನಲ್ಲಿ ತೂಕಡಿಕೆಯ ದಿನ. ಸಮುದ್ರ ಹಿಂದೆ ಉಳಿದು, ಬಯಲು ಮುಗಿದು, ಆವೋಸ್ತಾ ಕಣಿವೆ ಬರುತ್ತದೆ. ಎರಡೂ ಕಡೆ ಹಿಮದ ಗೋಡೆಗಳು. ಕಣಿವೆಯ ಕೊನೆಯಲ್ಲಿ ಕುರ್ಮಾಯರ್, ಅಲ್ಲಿಂದ ಮಾಂಟ್ ಬ್ಲಾಂಕ್ ಸುರಂಗ. 1965ರಲ್ಲಿ ತೆರೆದ ಇದರ ಉದ್ದ 11.6 ಕಿಲೋಮೀಟರು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹನ್ನೆರಡು ನಿಮಿಷ. ಒಳಗೆ ಹೋಗುವಾಗ ಇಟಲಿ, ಹೊರಬರುವಾಗ ಫ್ರಾನ್ಸ್. ಇತ್ತೀಚಿನ ವರ್ಷಗಳಲ್ಲಿ ಶರತ್ಕಾಲದಲ್ಲಿ ದುರಸ್ತಿಗಾಗಿ ವಾರಗಟ್ಟಲೆ ಮುಚ್ಚಿದ್ದುಂಟು, ತಂಡ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸುರಂಗದಲ್ಲಿ ಚಾಲಕ ಮುಂದಿನ ವಾಹನದಿಂದ 150 ಮೀಟರು ದೂರ ಇಟ್ಟೇ ಓಡಿಸುತ್ತಾನೆ. 'ದಾರಿ ಖಾಲಿ ಇದೆಯಲ್ಲ, ಯಾಕಿಷ್ಟು ನಿಧಾನ?' ಎಂದು ಕೇಳುವವರಿಗೆ ಉತ್ತರ 1999ರ ಮಾರ್ಚ್ 24ರಲ್ಲಿದೆ. ಅಂದು ಹಿಟ್ಟು ಮತ್ತು ಮಾರ್ಗರೀನ್ ಎಂಬ ಕೃತಕ ಬೆಣ್ಣೆ ಹೊತ್ತ ಲಾರಿಗೆ ಸುರಂಗದ ನಡುವೆ ಬೆಂಕಿ ಹತ್ತಿತು. ಕರಗಿದ ಕೊಬ್ಬು ಎಣ್ಣೆಯಂತೆ ಉರಿಯಿತು. ಹಿಂದೆ ಒತ್ತಾಗಿ ನಿಂತ ವಾಹನಗಳಿಗೆ ಹೊಗೆ ಮುತ್ತಿತು. 39 ಮಂದಿ ಸತ್ತರು. ಬೆಂಕಿ ಎರಡು ದಿನಕ್ಕೂ ಹೆಚ್ಚು ಕಾಲ ಉರಿಯಿತು. ಜನರನ್ನು ಉಳಿಸಲು ಮೋಟಾರ್ ಸೈಕಲ್‌ನಲ್ಲಿ ಒಳಹೊಕ್ಕ ಸುರಂಗದ ಕಾವಲುಗಾರ ಪಿಯೆರ್‌ಲೂಚೊ ತಿನಾಜಿ ಹೊರಗೆ ಬರಲಿಲ್ಲ. ಮೂರು ವರ್ಷ ಮುಚ್ಚಿದ್ದ ಸುರಂಗ 2002ರಲ್ಲಿ ಪುನಃ ತೆರೆದಾಗ ಪ್ರತಿ 300 ಮೀಟರಿಗೊಂದು ಆಶ್ರಯಕೋಣೆ, ಅಲ್ಲಿಂದ ರಸ್ತೆಯ ಕೆಳಗೆ ಪಾರಾಗುವ ದಾರಿ ಸಿದ್ಧವಾಗಿದ್ದವು. ಕಿಟಕಿಯಾಚೆ ಮಿಂಚಿ ಮರೆಯಾಗುವ ಹಸಿರು ಬಾಗಿಲುಗಳ ಗುರುತುಗಳ ಹಿಂದೆ ಇಷ್ಟು ಕತೆ ಇದೆ.

ಹಿಮನದಿ ಒಪ್ಪಿಸುವ ಲೆಕ್ಕ

ಸುರಂಗದ ಫ್ರೆಂಚ್ ಬಾಯಿಯ ಪಕ್ಕದಲ್ಲೇ ಬೆಟ್ಟದಿಂದ ಕೆಳಕ್ಕೆ ಚಾಚಿದ ಬಿಳಿಯ ನಾಲಿಗೆಯೊಂದು ಕಾಣುತ್ತದೆ. ಅದು ಬೊಸ್ಸೊನ್ ಹಿಮನದಿ. ಕೆಳಗಿನ ಊರು ಶಮೊನಿ. ಸಾಮಾನ್ಯವಾಗಿ ಬಸ್ಸು ನಿಲ್ಲದೆ ಹೋಗುವ ಜಾಗ ಇದು. ಭಾರತೀಯರು ಮಾತ್ರ ನಿಲ್ಲಲೇಬೇಕಾದ ಜಾಗ.

1966ರ ಜನವರಿ 24. ಬೊಂಬಾಯಿಯಿಂದ ಲಂಡನ್ ಕಡೆಗೆ ಹೊರಟಿದ್ದ ಏರ್ ಇಂಡಿಯಾದ 'ಕಾಂಚನಜುಂಗಾ' ವಿಮಾನ ಜಿನೀವಾದಲ್ಲಿ ಇಳಿಯಲು ತಗ್ಗುತ್ತಿತ್ತು. ದಿಕ್ಕು ತಿಳಿಸುವ ಒಂದು ಉಪಕರಣ ಕೆಟ್ಟಿತ್ತು. ಶಿಖರವನ್ನು ಆಗಲೇ ದಾಟಿದ್ದೇವೆ ಎಂದು ವಿಮಾನ ಚಾಲಕರು ಭಾವಿಸಿದರು. ನೆಲದಿಂದ ಬಂದ ಎಚ್ಚರಿಕೆ ಅವರಿಗೆ ಸರಿಯಾಗಿ ಅರ್ಥವಾಗಲಿಲ್ಲ ಎಂದು ಫ್ರೆಂಚ್ ತನಿಖೆ ಹೇಳಿತು. ವಿಮಾನ ಮಾಂಟ್ ಬ್ಲಾಂಕ್ ಶಿಖರದ ಬಳಿ ಅಪ್ಪಳಿಸಿತು. 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ವಿಯೆನ್ನಾದ ಪರಮಾಣು ಸಂಸ್ಥೆಯ ಸಭೆಗೆ ಹೊರಟಿದ್ದ 56 ವರ್ಷದ ಹೋಮಿ ಜಹಾಂಗೀರ್ ಭಾಭಾ ಒಬ್ಬರು. 1939ರಲ್ಲಿ ಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾಗದೆ ಉಳಿದ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕೆಲಸ ಆರಂಭಿಸಿದ್ದೂ ಅಲ್ಲಿಯೇ. ಇದಕ್ಕೂ ಮೊದಲು, 1950ರ ನವೆಂಬರ್ 3ರಂದು, ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ವಿಮಾನವೂ ಇದೇ ಬೆಟ್ಟಕ್ಕೆ ಬಡಿದು 48 ಮಂದಿ ಸತ್ತಿದ್ದರು.

ಹಿಮನದಿ ನಿಂತ ಮಂಜಲ್ಲ. ತನ್ನದೇ ಭಾರಕ್ಕೆ ಅದು ಇಳಿಜಾರಿನಲ್ಲಿ ಸದಾ ಹರಿಯುತ್ತಿರುತ್ತದೆ. 1820ರಲ್ಲಿ ಮೇಲ್ಗಡೆ ಹಿಮದಡಿ ಸಿಕ್ಕ ಮೂವರು ಮಾರ್ಗದರ್ಶಕರ ದೇಹಗಳು ಸುಮಾರು 40 ವರ್ಷಗಳಲ್ಲಿ ಕೆಳಗೆ ಬರುತ್ತವೆ ಎಂದು ಜೇಮ್ಸ್ ಫೋರ್ಬ್ಸ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ್ದರು. 1861ರಲ್ಲಿ ಬೊಸ್ಸೊನ್ ಹಿಮನದಿಯ ಬುಡದಲ್ಲಿ ಅವಶೇಷಗಳು ಹೊರಬಂದವು. 1966ರ ವಿಮಾನದ ವಸ್ತುಗಳೂ ಹಾಗೆಯೇ ಬರುತ್ತಿವೆ. 2012ರಲ್ಲಿ ಭಾರತ ಸರ್ಕಾರದ ರಾಜತಾಂತ್ರಿಕ ಅಂಚೆಯ ಚೀಲ ಸಿಕ್ಕಿತು. 2013ರಲ್ಲಿ ಪರ್ವತಾರೋಹಿಯೊಬ್ಬನಿಗೆ ಪಚ್ಚೆ, ನೀಲಗಳ ಪೆಟ್ಟಿಗೆ ಸಿಕ್ಕಿತು. ಆತ ಅದನ್ನು ಪೊಲೀಸರಿಗೆ ಒಪ್ಪಿಸಿದ. ವಾರಸುದಾರರು ಪತ್ತೆಯಾಗದೆ 2021ರಲ್ಲಿ ಅವನಿಗೂ ಶಮೊನಿ ಪುರಸಭೆಗೂ ಸಮಪಾಲಾಯಿತು. 2020ರಲ್ಲಿ ಕರಗಿದ ಮಂಜಿನಿಂದ 1966ರ ಜನವರಿಯ ಭಾರತೀಯ ಪತ್ರಿಕೆಗಳೇ ಹೊರಬಂದವು. ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿ ಅವುಗಳಲ್ಲಿ ಓದುವಂತಿತ್ತು. ಭೂಮಿ ಬಿಸಿಯಾಗುತ್ತಿರುವುದರಿಂದ ಹಿಮನದಿಯ ಮೂತಿ ಹಿಂದೆ ಸರಿಯುತ್ತಿದೆ, ಒಳಗಿದ್ದದ್ದು ಬಯಲಿಗೆ ಬೀಳುತ್ತಿದೆ.

ತಂಡದವರು ಮೊದಲೇ ಕೇಳಿಕೊಂಡರೆ ಚಾಲಕನ ಕಡ್ಡಾಯ ವಿರಾಮವನ್ನು ಹೆದ್ದಾರಿಯ ತಂಗುದಾಣದ ಬದಲು ಶಮೊನಿಯಲ್ಲಿ ತೆಗೆದುಕೊಳ್ಳುವಂತೆ ಲೆಕ್ಕ ಹಾಕಬಹುದು. ಅದಕ್ಕೆ ಹೆಚ್ಚು ಹಣ ಬೇಕಿಲ್ಲ. ಮೋಡ ಇಲ್ಲದಿದ್ದರೆ ಶಿಖರ ಕಾಣುತ್ತದೆ. ಮೋಡ ಇದ್ದರೂ ಹಿಮನದಿಯ ಬುಡವಾದರೂ ಕಂಡೀತು.

ಪ್ಯಾರಿಸ್‌ನ ಗುಂಡು

ಅಲ್ಲಿಂದ ಪ್ಯಾರಿಸ್‌ಗೆ 600 ಕಿಲೋಮೀಟರಿಗೂ ಮೇಲೆ. ನೋಟ್ರ್ ಡಾಮ್, ಐಫೆಲ್ ಗೋಪುರ, ಸೇನ್ ನದಿಯ ದೋಣಿ ಎಲ್ಲರಿಗೂ ಗೊತ್ತಿದ್ದದ್ದೇ. ಸಂಜೆ ಐದಕ್ಕೆ ಕತ್ತಲಾಗುವುದರಿಂದ ದೀಪಗಳ ಸೊಬಗು ನೋಡಲು ನಡುರಾತ್ರಿಯವರೆಗೆ ಕಾಯಬೇಕಿಲ್ಲ, ಚಳಿಗಾಲದ ಲಾಭ ಅದು. ಆದರೆ ಬಿಡುವಿನ ಒಂದು ಗಂಟೆ ಇದ್ದರೆ ಪಾಂತೆಯೋಂ ಕಟ್ಟಡಕ್ಕೆ ಹೋಗಬೇಕು. ಮೇರಿ ಮತ್ತು ಪಿಯರಿ ಕ್ಯೂರಿ ಮಲಗಿರುವುದು ಅದರ ನೆಲಮಾಳಿಗೆಯಲ್ಲಿ. ಮೇಲೆ ಗುಮ್ಮಟದಿಂದ 67 ಮೀಟರು ತಂತಿಯಲ್ಲಿ ಲೋಹದ ಗುಂಡೊಂದು ತೂಗುತ್ತದೆ. 1851ರಲ್ಲಿ ಲಿಯೋನ್ ಫೂಕೋ 28 ಕಿಲೋ ತೂಕದ ಗುಂಡಿನಿಂದ ಭೂಮಿ ತಿರುಗುವುದನ್ನು ಇಲ್ಲಿಯೇ ಜನರ ಕಣ್ಣಿಗೆ ತೋರಿಸಿದರು. ಈಗಿರುವುದು ಅದರ ಪ್ರತಿ.

ಗುಂಡಿನ ತೂಗಾಟದ ದಿಕ್ಕು ಪ್ಯಾರಿಸ್‌ನಲ್ಲಿ ಗಂಟೆಗೆ ಸುಮಾರು 11 ಡಿಗ್ರಿ ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 32 ಗಂಟೆ. ಸಮಭಾಜಕಕ್ಕೆ ಹತ್ತಿರವಿರುವ ಬೆಂಗಳೂರಿನಲ್ಲಿ ಇಂಥದೇ ಗುಂಡು ಕಟ್ಟಿದರೆ ಸುತ್ತು ಮುಗಿಯಲು ಸುಮಾರು ನಾಲ್ಕೂವರೆ ದಿನ ಬೇಕು. ರೋಮ್‌ನಲ್ಲಿ ಮಂಡಿಯೂರಿದ ಮುದುಕನ ಮಾತಿಗೆ ಪ್ಯಾರಿಸ್ 218 ವರ್ಷಗಳ ನಂತರ ಕೊಟ್ಟ ಸಾಕ್ಷಿ ಇದು. ಅದನ್ನು ನೋಡಲು ಅರ್ಧ ಗಂಟೆ ಸುಮ್ಮನೆ ನಿಂತರೆ ಸಾಕು. ಅಷ್ಟರಲ್ಲಿ ಗೈಡ್ ಬಾಗಿಲಲ್ಲಿ ನಿಂತು ಮತ್ತೆ ತಲೆ ಎಣಿಸಲು ಶುರು ಮಾಡಿರುತ್ತಾಳೆ.