ಚೀಟಿ ಓದುವವರು ಯಾರು?

ನನ್ನ ಪಿಎಚ್.ಡಿ. ವಿಷಯ ಕೇಳಿದವರು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. ಮುಸ್ಲಿಂ ಹೆಂಗಸರು ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಯಾಕೆ ಬರುವುದಿಲ್ಲ? 'ಬುರ್ಖಾ, ಇನ್ನೇನು!' ಅಷ್ಟು ಸುಲಭವಿದ್ದರೆ ನಾನು ಇಷ್ಟು ವರ್ಷ ಕಲಬುರಗಿಯ ಬಿಸಿಲಲ್ಲಿ ಓಣಿ ಓಣಿ ತಿರುಗಬೇಕಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಎಲ್ಲ ಧರ್ಮದವರೂ ಸೇರಿ! ಅವರೆಲ್ಲ ಯಾವ ಬುರ್ಖಾ ತೊಟ್ಟಿದ್ದರು?

ಹಾಗಂತ ನಾಚಿಕೆ ಇಲ್ಲವೆಂದಲ್ಲ. ನಮ್ಮ ಮನೆಮಾತು ದಖನಿಯಲ್ಲಿ ಗರ್ಭಕೋಶಕ್ಕೆ 'ಬಚ್ಚೇದಾನಿ' ಎನ್ನುತ್ತಾರೆ. ಮಗು ಇರುವ ಡಬ್ಬಿ ಎಂಬ ಅರ್ಥ. ಅದರ ಬಾಯಿಯನ್ನು ನೋಡುವ ಪರೀಕ್ಷೆ ಎಂದು ನಾನು ವಿವರಿಸುವಾಗ ಸೊಸೆಯಂದಿರು ಎದ್ದು ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಕಿವಿಗೊಡುತ್ತಾರೆ. ಪರೀಕ್ಷೆಯೇನೋ ಸರಳ: ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುವುದು, ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸುವುದು. ಆದರೆ ಒಬ್ಬ ಖಾಲಾ ಕೇಳಿದ್ದೇ ಬೇರೆ. "ಐದು ಹಡದೀನಿ, ನನಗೇನು ನಾಚಿಕೆ ಬೇಟಿ? ಆ ಖೋಲಿಗೆ ಚಿಲಕ ಐತೇನು ಹೇಳು." ಇರಲಿಲ್ಲ. ಪರದೆಯೂ ಅರ್ಧಕ್ಕೇ ನಿಂತಿತ್ತು. ಐದು ಮಕ್ಕಳು ಎಂದೊಡನೆ ನರ್ಸು ನಕ್ಕಿದ್ದನ್ನು ಅವರು ಇನ್ನೂ ಮರೆತಿಲ್ಲ. ದಿನಗೂಲಿ ತಪ್ಪಿಸಿ, ಗಂಡನನ್ನೋ ಅತ್ತೆಯನ್ನೋ ಒಪ್ಪಿಸಿ ಹೋದವಳಿಗೆ ಸಿಗುವುದು ಇದು.

ಎಚ್‌ಪಿವಿ ಪರೀಕ್ಷೆಗೆ ಹೆಂಗಸರು ತಾವೇ ಮಾದರಿ ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಅದಕ್ಕೆ ಒಪ್ಪಿದೆ. ಇದನ್ನು ಹೇಳಿದಾಗ ಅಡುಗೆಮನೆಯ ಸೊಸೆಯಂದಿರು ಹೊರಗೆ ಬಂದು ಕೂತರು. ಮನೆಯಲ್ಲೇ, ಬಾಗಿಲು ಹಾಕಿಕೊಂಡು! ನನಗೂ ಖುಷಿಯಾಯಿತು.

ಒಬ್ಬರು ಮಾತ್ರ ಸುಮ್ಮನಿದ್ದರು. ಗಂಡ ತೀರಿಕೊಂಡು ಹತ್ತು ವರ್ಷವಾದವರು. ಆ ವೈರಾಣು ಹೇಗೆ ಅಂಟುತ್ತದೆ ಎಂದು ಮೆಲ್ಲಗೆ ಕೇಳಿದರು. ಹೆಚ್ಚಾಗಿ ಗಂಡುಹೆಣ್ಣಿನ ಕೂಡುವಿಕೆಯಿಂದ, ಆದರೆ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ, ಗಂಡನಿಂದ ಬಂದದ್ದು ಈಗ ಕಾಣಿಸಬಹುದು, ಯಾರ ನಡತೆಗೂ ಅದು ಸಾಕ್ಷಿಯಲ್ಲ ಎಂದೆ.

"ನಿನಗ ಗೊತ್ತದ ಬೇಟಿ," ಎಂದರು. "ನನಗ ಓದಾಕ ಬರಂಗಿಲ್ಲ. ಚೀಟಿ ಓದಾವ ನನ್ನ ಮಗ."